ಊರ ನಾಟಕದಲ್ಲಿ ನನ್ನ ಪಾಲು

ಮೊನ್ನೆ ರಾಯಚೂರಿನ ಒಂದು ಸಭಾಂಗಣದಲ್ಲಿ ಕುರ್ಚಿ ತುಂಬುವ ಕೆಲಸ ನನಗೆ ಬಂದಿತ್ತು. ನಾನು ಈಗ ಪಾಠ ಹೇಳುವ ಖಾಸಗಿ ಶಾಲೆಯ ಹೆಡ್‌ಮಿಸ್ ಬೆಳಿಗ್ಗೆಯೇ ಸ್ಟಾಫ್ ರೂಮಿಗೆ ಬಂದು, "ಮಧ್ಯಾಹ್ನ ಯಾರೂ ಕ್ಲಾಸ್ ತಗೋಬ್ಯಾಡ್ರಿ, ಎಲ್ಲಾರೂ ಆ ವಿಚಾರ ಸಂಕಿರಣಕ್ಕ ನಡೀರಿ, ಅಲ್ಲಿ ಜನಾನ ಇಲ್ಲಂತ" ಎಂದು ಹೇಳಿ ಹೋದರು. ಜನ ಇಲ್ಲದ ಆ ಸಭೆಯ ಬ್ಯಾನರ್ ಮೇಲೆ ಬರೆದಿದ್ದ ವಿಷಯ, ಸಂಸ್ಕೃತಿಯಲ್ಲಿ ಜನರ ಪಾಲ್ಗೊಳ್ಳುವಿಕೆ. ನಾವು ಆಟೊ ಹತ್ತಿ ಹೋಗಿ ಪಾಲ್ಗೊಂಡೆವು. ಅಂದರೆ ಕೂತೆವು. ಚಪ್ಪಾಳೆ ತಟ್ಟಬೇಕಾದಲ್ಲಿ ತಟ್ಟಿದೆವು.

ಬೆಂಗಳೂರಿನಿಂದ ಬಂದಿದ್ದ ಭಾಷಣಕಾರರು ಒಳ್ಳೆಯ ಮಾತುಗಾರರು. ಕಲೆಗೆ ಬೇರೆ ಒಡೆಯರಿಲ್ಲ, ಜನರೇ ಒಡೆಯರು ಎಂದರು. "ನಿಮ್ಮ ಭಾಗದ ಹಳ್ಳಿ ನಾಟಕಗಳನ್ನೇ ನೋಡಿ. ಆಡುವವರು ಬೇರೆ, ನೋಡುವವರು ಬೇರೆ ಎಂಬ ಭೇದ ಅಲ್ಲಿಲ್ಲ. ಇಡೀ ಊರೇ ಪಾಲ್ಗೊಳ್ಳುತ್ತದೆ" ಎಂದರು. ಇಡೀ ಊರೇ! ಪಕ್ಕದಲ್ಲಿದ್ದ ವಿಜ್ಞಾನದ ಮಿಸ್ ನನ್ನ ಮುಖ ನೋಡಿ, "ಯಾಕ್ರಿ, ಹೊಟ್ಟಿ ನೋಯಾಕತ್ತದೇನು?" ಎಂದು ಕೇಳಿದರು. ನೋವಲ್ಲ, ಉರಿ. ಭಾಷಣ ಮುಗಿದ ಮೇಲೆ ಸಂವಾದ ಎಂದರು. ನಾನು ಕೈ ಎತ್ತಿದೆ. ಮೈಕು ಮುಂದಿನ ಸಾಲಿನ ಹಿರಿಯರೊಬ್ಬರ ಕೈಗೆ ಹೋಯಿತು. ಅವರು ಪ್ರಶ್ನೆ ಕೇಳುವ ಬದಲು ತಮ್ಮ ಜೀವನವನ್ನೆಲ್ಲ ಹೇಳಿದರು. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಪಲಾವಿನ ವಾಸನೆ ಬಂತು, ಸಂವಾದ ಮುಗಿಯಿತು. ನಾನು ಎತ್ತಿದ ಕೈಯಿಂದ ತಲೆ ಕೆರೆದುಕೊಂಡೆ.

ಕೇಳಬೇಕೆಂದಿದ್ದು ದೊಡ್ಡ ಪ್ರಶ್ನೆಯೇನಲ್ಲ. ಊರು ಅಂದರೆ ಯಾರು ಸ್ವಾಮಿ, ಎಂದು ಕೇಳಬೇಕಿತ್ತು. ಕೇಳಿದ್ದರೆ ಅವರು ಇನ್ನೊಂದು ಚೆಂದದ ಮಾತು ಹೇಳುತ್ತಿದ್ದರು. ನನ್ನ ಹತ್ತಿರ ಚೆಂದದ ಮಾತಿಲ್ಲ, ಒಂದು ನಾಟಕದ ಸಂಗತಿ ಇದೆ. ಅದನ್ನೇ ಹೇಳಿಬಿಡುತ್ತೇನೆ.

ನಾನು ಹುಟ್ಟಿ ಬೆಳೆದಿದ್ದು ಮಾನ್ವಿಯಲ್ಲಿ. ಅಪ್ಪನದು ಬೀಜ, ಗೊಬ್ಬರದ ಅಂಗಡಿ. ಓದಿದ್ದು ಹುಡುಗಿಯರ ಹೈಸ್ಕೂಲು. ಅಲ್ಲಿಯ ಗ್ಯಾದರಿಂಗ್‌ನಲ್ಲಿ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ಒಂದು ವರ್ಷ ನಾನು ರಾಜನ ಪಾತ್ರ ಮಾಡಿದ್ದೆ. ಹುಡುಗಿಯರ ಶಾಲೆಯಲ್ಲಿ ರಾಜನೂ ನಾವೇ, ಮಂತ್ರಿಯೂ ನಾವೇ, ಬಾಗಿಲು ಕಾಯುವವನೂ ನಾವೇ. ಕಾಡಿಗೆಯಲ್ಲಿ ಬರೆದ ಮೀಸೆ ಬೆವರಿಗೆ ಗದ್ದದವರೆಗೂ ಇಳಿದಿತ್ತು. ಆದರೂ ನಾನು ಕತ್ತಿ ಎತ್ತಿ ಮಾತಾಡಿದಾಗ ಅಷ್ಟೂ ಜನ ಗಪ್‌ಚಿಪ್ ಆಗಿ ಕೇಳಿದರು. ಅಪ್ಪ ಮುಂದೆ ಕೂತು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದ. ಮುಖದ ಮೇಲೆ ಲೈಟು ಬಿದ್ದು, ಎದುರಿಗೆ ಕತ್ತಲಲ್ಲಿ ಅಷ್ಟು ಜನ ನನ್ನೊಬ್ಬಳನ್ನೇ ನೋಡುತ್ತಿದ್ದ ಆ ಗಳಿಗೆ ಇನ್ನೊಮ್ಮೆ ಬೇಕು ಎಂಬ ಆಸೆ ಅಂದಿನಿಂದ ನನ್ನೊಳಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಡಿಗ್ರಿ ಮುಗಿಯುತ್ತಿದ್ದಂತೆ ನನ್ನನ್ನು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟರು. ಅರಕೇರಾ ದಾಟಿ ಒಳಗೆ ಹೋಗಬೇಕು. ಗಂಡನಿಗೆ ದೇವದುರ್ಗದಲ್ಲಿ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸಿನ ಅಂಗಡಿ. ಮಾವ ಊರಿನ ನಾಟಕ ಸಂಘದ ಅಧ್ಯಕ್ಷರು, ಗಂಡ ಅದರ ಕಾರ್ಯದರ್ಶಿ. ಮದುವೆಯ ಮಾತುಕತೆಯಲ್ಲಿ ಈ ಸುದ್ದಿ ಕಿವಿಗೆ ಬಿದ್ದಾಗ ನಾನು ಒಳಗೊಳಗೇ ಎಷ್ಟು ಹಿಗ್ಗಿದ್ದೆ! ಎಂಥ ಹುಚ್ಚಿ ಇದ್ದೆ ನಾನು.

ನಮ್ಮ ಊರಿನಲ್ಲಿ ಹತ್ತಿ ಬಿಡಿಸುವ ಕೆಲಸ ಮುಗಿದು ಕೈ ಖಾಲಿಯಾದ ದಿನಗಳಲ್ಲಿ ನಾಟಕ. ಅದರ ತಾಲೀಮು, ಅಂದರೆ ಅಭ್ಯಾಸ, ನಮ್ಮ ಮನೆಯ ಪಡಸಾಲೆಯಲ್ಲಿ. ಕಲಿಸುವುದಕ್ಕೆ ಸಿರವಾರದಿಂದ ಪೇಟಿ ಮಾಸ್ತರರು ಬರುತ್ತಿದ್ದರು. ಹಾರ್ಮೋನಿಯಂ ಬಾರಿಸುವವರೂ ಅವರೇ, ಮಾತು ತಿದ್ದುವವರೂ ಅವರೇ, ಬೈಯುವವರೂ ಅವರೇ. ಗಂಡಸರ ಪಾತ್ರಗಳೆಲ್ಲ ಊರವರಿಗೆ. ಮುದುಕಿಯ ಪಾತ್ರವಿದ್ದರೆ ಯಾರಾದರೂ ಗಡ್ಡ ಬೋಳಿಸಿಕೊಂಡು ಮಾಡುತ್ತಿದ್ದರು. ನಾಯಕಿಯ ಪಾತ್ರಕ್ಕೆ ಮಾತ್ರ ಹೊರಗಿನಿಂದ ಒಬ್ಬ ಕಲಾವಿದೆ ಬರಬೇಕು. ಇದು ನಮ್ಮ ಕಡೆ ಎಲ್ಲ ಊರಲ್ಲೂ ನಡೆದುಬಂದ ಪದ್ಧತಿ. ಆಕೆ ತಾಲೀಮಿಗೆ ಬರುವುದಿಲ್ಲ. ಇಂಥ ನಾಟಕಗಳ ಮಾತೆಲ್ಲ ಆಕೆಗೆ ಬಾಯಿಪಾಠ. ಆಟದ ದಿನ ಸಂಜೆ ಬಂದು, ಬಣ್ಣ ಹಚ್ಚಿ, ಬೆಳತನಕ ಅತ್ತು, ಬೆಳಗಿನ ಬಸ್ಸಿಗೆ ಹೋಗುತ್ತಾಳೆ.

ನಮ್ಮೂರಿಗೆ ಪ್ರತಿ ವರ್ಷ ಇಳಕಲ್ ಕಡೆಯ ಒಬ್ಬಾಕೆಯೇ ಬರುತ್ತಿದ್ದಳು. ನನಗಿಂತ ತುಸು ದೊಡ್ಡವಳು. ಆಕೆ ಸೀರೆ ಬದಲಿಸುತ್ತಿದ್ದುದು ನಮ್ಮ ದನದ ಕೊಟ್ಟಿಗೆಯ ಪಕ್ಕದ ಮೇವಿನ ಕೋಣೆಯಲ್ಲಿ. ಅದಕ್ಕೆ ಬಾಗಿಲಿಲ್ಲ, ಹಳೆಯ ಚಾದರ ಕಟ್ಟುತ್ತಿದ್ದೆವು. ಚಹಾ ಪೇಪರ್ ಕಪ್ಪಿನಲ್ಲಿ ಹೋಗುತ್ತಿತ್ತು. "ಮನ್ಯಾಗ ಅಷ್ಟು ಸ್ಟೀಲಿನ ಲೋಟ ಇರೂಮುಂದ ಪೇಪರ್ ಕಪ್ ಯಾಕ್ರಿ?" ಎಂದು ಮದುವೆಯಾದ ಹೊಸತರಲ್ಲಿ ಅತ್ತೆಯನ್ನು ಕೇಳಿದ್ದೆ. "ನಿನಗ ಗೊತ್ತಾಗೂದಿಲ್ಲ, ಸುಮ್ಮನಿರು" ಎಂದಿದ್ದರು. ಆದರೆ ಸ್ಟೇಜಿನ ಲೈಟಿಗೆ ಮಿಂಚುವಂಥ ಸೀರೆ ಬೇಕೆಂದು ನನ್ನ ಮದುವೆಯ ರೇಷ್ಮೆ ಸೀರೆಯನ್ನೇ ಆಕೆಗೆ ಉಡಲು ಕೊಡುತ್ತಿದ್ದರು. ನನ್ನ ಸೀರೆ ಇಡೀ ಊರಿನ ಮುಂದೆ ನಿಂತು ಕುಣಿದರೂ ಯಾರ ಮಾನವೂ ಹೋಗುತ್ತಿರಲಿಲ್ಲ.

ಹಾಗೆಂದು ನಾವು ಹೆಂಗಸರು ಊರ ನಾಟಕದಲ್ಲಿ ಪಾಲ್ಗೊಳ್ಳುತ್ತಿರಲಿಲ್ಲ ಎನ್ನಬೇಡಿ. ತಾಲೀಮಿನವರ ಚಹಾ ನಮ್ಮದು, ಮಾಸ್ತರರ ಊಟ ನಮ್ಮದು. ಒಂದು ಮನೆಯ ಸರ, ಇನ್ನೊಂದು ಮನೆಯ ಬಳೆ, ಮತ್ತೊಂದು ಮನೆಯ ಮಂಚ ಸ್ಟೇಜಿಗೆ ಹೋಗುತ್ತಿದ್ದವು. ಆಟದ ದಿನ ಬಂದ ನೆಂಟರಿಗೆಲ್ಲ ರೊಟ್ಟಿ ಬಡಿದು ರಟ್ಟೆ ಬಿದ್ದುಹೋಗುತ್ತಿತ್ತು. ಆಮೇಲೆ ಚಾಪೆ ಹಿಡಿದು ಹೋಗಿ ಹೆಂಗಸರ ಕಡೆ ಕೂತರೆ ಅರ್ಧ ನಾಟಕಕ್ಕೇ ನಿದ್ದೆ. ಮಾವ ಪ್ರತಿ ವರ್ಷ ಮೈಕಿನಲ್ಲಿ "ಮಾತೃಮಂಡಳಿಯ ಸಹಕಾರಕ್ಕೆ ಕೃತಜ್ಞತೆಗಳು" ಎನ್ನುತ್ತಿದ್ದರು. ಮಾತೃಮಂಡಳಿಯ ಅರ್ಧ ಜನ ಆಗ ಗೊರಕೆ ಹೊಡೆಯುತ್ತಿರುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಮಾಸ್ತರರಿಗೆ ಕಣ್ಣಿನ ಆಪರೇಷನ್ ಆಯಿತು. ಕರಿ ಕನ್ನಡಕ ಹಾಕಿಕೊಂಡೇ ತಾಲೀಮಿಗೆ ಬಂದರು. ನಾಯಕಿಯ ಮಾತುಗಳನ್ನು ಪುಸ್ತಕ ನೋಡಿ ಓದುತ್ತಿದ್ದವರು ಅವರೇ. ಈಗ ಅಕ್ಷರ ಕಾಣಿಸುತ್ತಿರಲಿಲ್ಲ. ನಾಯಕಿಯ ಮಾತು ಬರದಿದ್ದರೆ ನಾಯಕ ಯಾರಿಗೆ ಉತ್ತರ ಕೊಡಬೇಕು? ಮೊದಲ ದಿನ ತಾಲೀಮು ಗದ್ದಲವೆದ್ದು ನಿಂತಿತು. ಆಗ ಮಾಸ್ತರರು ನಡುಮನೆಯ ಬಾಗಿಲ ಕಡೆ ಮುಖ ಮಾಡಿ, "ಒಳಗ ಓದಿದ ಸೊಸಿ ಕುಂತಾಳ, ಹೊರಗ ನಾವು ಕುರುಡರ ಹಂಗ ಒದ್ದಾಡಾಕತ್ತೀವಿ. ಯವ್ವಾ, ನೀ ಅಲ್ಲೇ ಕುಂತು ಓದವ್ವಾ" ಎಂದರು. ಮಾವ ಬೇಡ ಎನ್ನಲಿಲ್ಲ. ಬಾಗಿಲಿಗೆ ಪರದೆ ಇತ್ತಲ್ಲ.

ಹಾಗೆ ನಾನು ನಡುಮನೆಯ ನೆಲದ ಮೇಲೆ ಕೂತು, ಪರದೆಯ ಈಚೆಯಿಂದ ನಾಯಕಿಯಾದೆ. ನಾಯಕನ ಪಾತ್ರದವನು ನಮ್ಮ ಪಕ್ಕದ ಮನೆಯವನು. ಹಗಲು ಎದುರು ಸಿಕ್ಕರೆ "ವೈನಿ, ಅರಾಮೇನ್ರಿ?" ಎಂದು ಅತ್ತಿಗೆಯನ್ನು ಮಾತಾಡಿಸುವಂತೆ ಕೇಳಿ, ನೆಲ ನೋಡಿಕೊಂಡು ಹೋಗುವವನು. ತಾಲೀಮಿನಲ್ಲಿ ಅದೇ ಮನುಷ್ಯ ನಮ್ಮ ಬಾಗಿಲ ಪರದೆಗೆ ಕೈ ಚಾಚಿ, "ಪ್ರಿಯೆ, ನಿನ್ನ ಕಣ್ಣುಗಳಲ್ಲಿ ನನ್ನ ಪ್ರಾಣವಿದೆ" ಎನ್ನುತ್ತಿದ್ದ. ಪಕ್ಕದಲ್ಲೇ ಮಾವ ಅಡಿಕೆ ಅಗಿಯುತ್ತ ಕೂತಿರುತ್ತಿದ್ದರು. ಮೊದಮೊದಲು ನಗು ತಡೆಯಲಾಗದೆ ಬಾಯಿಗೆ ಸೆರಗು ತುರುಕಿಕೊಂಡೆ. ಆಮೇಲೆ ನಗು ಹೋಯಿತು. ಪುಸ್ತಕ ನೋಡದೆಯೇ ಮಾತುಗಳು ಬರತೊಡಗಿದವು. ರೊಟ್ಟಿ ಬಡಿಯುವಾಗ ಬಂದವು, ಬಟ್ಟೆ ಒಗೆಯುವಾಗ ಬಂದವು. ರಾತ್ರಿ ಮಲಗುವ ಮುಂಚೆ ಗಂಡ, "ಏ, ಆ ಅಳೂ ಮಾತು ಒಂದೀಟು ಹೇಳ ನೋಡೂನು" ಎನ್ನುತ್ತಿದ್ದ. ಹೇಳುತ್ತಿದ್ದೆ. "ಆ ಇಳಕಲ್‌ದಾಕಿನ್ನ ಮೀರಸ್ತಿ ಬಿಡು" ಎನ್ನುತ್ತಿದ್ದ. ನಾನು ಆ ಮಾತನ್ನು ಗಂಟು ಕಟ್ಟಿಟ್ಟುಕೊಂಡೆ.

ಆಟದ ದಿನ ಮಧ್ಯಾಹ್ನ ಆ ಕಲಾವಿದೆಯ ಫೋನ್ ಬಂತು. ಜ್ವರ, ಹಾಸಿಗೆಯಿಂದ ಏಳಲಾರೆ, ಬೇರೆಯವರನ್ನು ಕಳಿಸೋಣವೆಂದರೆ ಎಲ್ಲರೂ ಎಲ್ಲೆಲ್ಲೋ ಒಪ್ಪಿಕೊಂಡಿದ್ದಾರೆ ಎಂದಳು. ಅಷ್ಟೊತ್ತಿಗೆ ದೇವದುರ್ಗದಿಂದ ಸೀನರಿಯ ಪರದೆಗಳು ಬಂದಿದ್ದವು. ಮಾನ್ವಿಯ ಸಾಬರೊಬ್ಬರು ಮೈಕ್ ಸೆಟ್ ಇಳಿಸಿ ವೈರು ಎಳೆಯುತ್ತಿದ್ದರು. ಸುತ್ತಲ ಊರಿನ ಜನ ಬರತೊಡಗಿದ್ದರು. ನಮ್ಮ ಪಡಸಾಲೆಯಲ್ಲಿ ಸಂಘದವರೆಲ್ಲ ತಲೆ ಮೇಲೆ ಕೈ ಹೊತ್ತು ಕೂತರು.

"ಆ ಮಾತು ಪೂರಾ ಬರೂದು ಒಬ್ಬಾಕಿಗೇ" ಎಂದರು ಮಾಸ್ತರರು. ನಾನು ಪರದೆಯ ಹಿಂದೆ ನಿಂತಿದ್ದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆಗ ನಾನು ಯಾವ ಅಂಕಕ್ಕೆ ಯಾವ ಸೀರೆ ಎಂದು ಯೋಚಿಸುತ್ತಿದ್ದೆ. ಮನಸ್ಸಿನಲ್ಲೇ ಹೂವೂ ಮುಡಿದಾಗಿತ್ತು.

"ಮಾಸ್ತರ, ಏನಂತೀರಿ ನೀವು? ನಮ್ಮ ಮನಿ ಹೆಣ್ಮಗಳು ಸ್ಟೇಜ್ ಮ್ಯಾಲ ನಿಂದ್ರೂದೇನು?" ಇದು ನನ್ನ ಗಂಡನ ದನಿ. ಮಂಚದ ಮೇಲೆ ಕೂತು ಆ ಅಳುವ ಮಾತು ಹೇಳಿಸಿಕೊಳ್ಳುತ್ತಿದ್ದ ಅದೇ ಮನುಷ್ಯ.

ಮಾವ ಬಹಳ ಹೊತ್ತು ಅಡಿಕೆ ಅಗಿದು, ಎದ್ದು ಹೋಗಿ ಉಗುಳಿ ಬಂದು ತೀರ್ಮಾನ ಹೇಳಿದರು. ಕಿರಾಣಿ ಅಂಗಡಿಯವನು ತೆಳ್ಳಗಿದ್ದಾನೆ, ಅವನು ಮೀಸೆ ತೆಗೆಸಿ ಸೀರೆ ಉಡಲಿ, ಬಾಯಿ ಆಡಿಸಲಿ. ಮಾತು ಮಾತ್ರ ಹಿಂದಿನ ಪರದೆಯ ಮರೆಯಿಂದ ಸೊಸೆ ಹೇಳಲಿ. "ನಾಟಕಾನೂ ಉಳೀತದ, ಮನಿ ಮರ್ಯಾದಿನೂ ಉಳೀತದ" ಎಂದರು. ಎಲ್ಲರೂ ಭೇಷ್ ಎಂದರು. ಕಿರಾಣಿ ಅಂಗಡಿಯವನು ಮೀಸೆ ಮುಟ್ಟಿಕೊಂಡು ಒಂದಿಷ್ಟು ಗೊಣಗಿದ. ಅವನ ಮೀಸೆಯ ಬಗ್ಗೆ ಆ ಪಡಸಾಲೆಯಲ್ಲಿ ನಡೆದಷ್ಟು ಚರ್ಚೆ ನನ್ನ ಬಗ್ಗೆ ನಡೆಯಲಿಲ್ಲ.

ಆಮೇಲೆ ಮಾವ ಬಾಗಿಲ ಹತ್ತಿರ ಬಂದು, "ಯವ್ವಾ, ಊರ ಮಾನ ನಿನ್ನ ಕೈಯಾಗ ಅದ" ಎಂದರು. ಅವರು ಕೆಟ್ಟವರಲ್ಲ. ನನ್ನನ್ನು ಮಗಳಂತೆ ನೋಡಿಕೊಂಡವರು, ನಾನು ಬಿ.ಎಡ್ ಮಾಡುತ್ತೇನೆಂದಾಗ ಮನೆಯಲ್ಲಿ ನನ್ನ ಪರ ನಿಂತವರು. ಅದಕ್ಕೇ ಧೈರ್ಯ ಮಾಡಿ ಕೇಳಿದೆ.

"ಪಾತ್ರಾನ ನಾನ ಮಾಡಿದ್ರ ಏನಾಗತದ್ರಿ ಮಾವಾರ?"

"ಏನಾಗತದ? ಇವತ್ತು ಏನೂ ಆಗೂದಿಲ್ಲ, ಎಲ್ಲಾರೂ ಚಪ್ಪಾಳಿ ಹೊಡೀತಾರ. ನಾಳಿಗೆ ನಮ್ಮ ಮನಿ ಬಾಗಿಲದಾಗ ನಿಂತು ಶಿಳ್ಳಿ ಹೊಡೀತಾರ. ನೀ ಅವರನ್ನ ನೋಡಿಲ್ಲ, ನಾ ನೋಡೀನಿ." ನೋಡಿದ್ದರು ನಿಜ. ಆ ಇಳಕಲ್ಲಿನ ಕಲಾವಿದೆ ಸೀರೆ ಬದಲಿಸುವಾಗ ಮೇವಿನ ಕೋಣೆಯ ಸುತ್ತ ಸುಳಿದಾಡುತ್ತಿದ್ದ ಗಂಡಸರನ್ನು ಕೋಲು ಹಿಡಿದು ಓಡಿಸುತ್ತಿದ್ದವರು ಅವರೇ. ಆದರೆ ಆ ಗಂಡಸರಿಗೆ ಸ್ಟೇಜು ಬೇಡ ಎಂದು ಅವರು ಎಂದೂ ಹೇಳಲಿಲ್ಲ, ನನಗೆ ಹೇಳಿದರು.

ನಾನು ಒಪ್ಪಿದೆ. ಪೂರ್ತಿ ಸಿಗದಿದ್ದರೆ ಅರ್ಧವಾದರೂ ಸಿಗಲಿ ಎಂಬ ಆಸೆಬುರುಕತನ. ಹಿಂದಿನ ಪರದೆಯ ಮರೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಮೈಕು, ನೀರಿನ ಬಾಟಲಿ. ಪರದೆಯಲ್ಲಿ ಒಂದು ಸಣ್ಣ ತೂತಿತ್ತು. ಅದರಿಂದ ನೋಡಿದರೆ ಪಾತ್ರದವರ ಬೆನ್ನುಗಳು ಮಾತ್ರ ಕಾಣುತ್ತಿದ್ದವು. ಮೈಕಿನ ಸಾಬರು ವೈರು ಸರಿಮಾಡಿ, "ಬೇಟಿ, ಬಾಯಿ ಹತ್ರ ತಗೋರಿ, ದನಿ ಸಾಫ್ ಬರ್ತದ" ಎಂದು ಹೇಳಿ ಹೋದರು.

ಕಿರಾಣಿ ಅಂಗಡಿಯವನು ನನ್ನ ಮದುವೆಯ ಸೀರೆ ಉಟ್ಟು ಒಳಗೆ ಬಂದಾಗ ಜನ ಬಿದ್ದು ಬಿದ್ದು ನಕ್ಕರು. "ಒಂದು ಕಿಲೋ ಬೆಲ್ಲ ಕೊಡವ್ವಾ!" ಎಂದು ಯಾರೋ ಕೂಗಿದರು. ನಾನು ಮೊದಲ ಮಾತು ಹೇಳಿದೆ. ನಗು ಇನ್ನೂ ಇತ್ತು. ಎರಡನೆಯ ಪ್ರವೇಶಕ್ಕೆ ಕಡಿಮೆಯಾಯಿತು. ತವರಿನ ನೆನಪಾಗಿ ನಾಯಕಿ ಅಳುವ ಜಾಗ ಬರುವಷ್ಟರಲ್ಲಿ ಆಚೆ ಯಾರೂ ಕೆಮ್ಮುತ್ತಿರಲಿಲ್ಲ. ಮಾನ್ವಿಯ ಗ್ಯಾದರಿಂಗ್‌ನಲ್ಲಿ ಕೇಳಿದ ಅದೇ ನಿಶ್ಶಬ್ದ. ಜನ ನನ್ನನ್ನು ನೋಡುತ್ತಿಲ್ಲ ಎಂಬುದೇ ಮರೆತುಹೋಯಿತು.

ಆಗ ಹೆಂಗಸರ ಕಡೆಯಿಂದ ಒಂದು ದನಿ ಎದ್ದಿತು. ನಮ್ಮ ಎದುರು ಮನೆಯ ಅಜ್ಜಿ. ಊರಿನಲ್ಲಿ ಯಾರಿಗೂ ಹೆದರದ ಒಂದೇ ಜೀವ ಆಕೆ.

"ಏ! ಇದು ನಮ್ಮ ಎದರ ಮನಿ ಸೊಸಿ ದನಿ ಅಲ್ಲೇನು? ಆಕಿನ್ನ ಹೊರಗ ಕರೀರಿ! ಆ ಕಿರಾಣಿಯವನ ಮಾರಿ ಯಾರು ನೋಡಬೇಕು?"

ಇನ್ನೊಬ್ಬಳು "ಹೌದು, ಕರೀರಿ" ಎಂದಳು. ಮತ್ತೊಬ್ಬಳು, ಮಗದೊಬ್ಬಳು. ನಿದ್ದೆ ಹೋಗಿದ್ದವರೂ ಎದ್ದಿರಬೇಕು, ಚಾಪೆಗಳ ಕಡೆಯಿಂದ ದೊಡ್ಡ ಗಲಾಟೆಯೇ ಶುರುವಾಯಿತು. ನನ್ನನ್ನು ಕರೆಯುತ್ತಿದ್ದರು. ವರ್ಷಗಟ್ಟಲೆ ರೊಟ್ಟಿ ಬಡಿದು ಚಾಪೆ ಮೇಲೆ ಮಲಗಿದ್ದ ಆ ಮಾತೃಮಂಡಳಿ ನನ್ನನ್ನು ಹೊರಗೆ ಕರೆಯುತ್ತಿತ್ತು. ನಾನು ಕುರ್ಚಿಯಿಂದ ಎದ್ದೆ, ಸೆರಗು ಸರಿಮಾಡಿಕೊಂಡೆ. ಪರದೆಯ ಅಂಚು ಕೈಯಲ್ಲಿತ್ತು. ಸರಿಸಿದರೆ ಮುಗಿಯಿತು, ಲೈಟು ಮುಖದ ಮೇಲೆ ಬೀಳುತ್ತಿತ್ತು. ಯಾರಾದರೂ ಒಬ್ಬರು ಹೂಂ ಎನ್ನಲಿ ಎಂದು ಕಾದೆ. ಅದೇ ನಾನು ಮಾಡಿದ ಮೂರ್ಖತನ. ನಮ್ಮಂಥವರು ಬಾಗಿಲು ತೆರೆದಿದ್ದರೂ ಹೂಂ ಎನ್ನುವವರಿಗಾಗಿ ಕಾಯುತ್ತೇವೆ.

ಸ್ಟೇಜಿನ ಮುಂದಿನ ಮೈಕಿನಲ್ಲಿ ನನ್ನ ಗಂಡನ ದನಿ ಬಂತು.

"ದಯವಿಟ್ಟು ಶಾಂತ ಇರ್ರಿ. ತಾಯಂದಿರು ಗದ್ದಲ ಮಾಡಬ್ಯಾಡ್ರಿ. ಇದು ಯಾರ ಮನಿ ಹೆಣ್ಮಗಳ ದನೀನೂ ಅಲ್ಲ. ಕಲಾವಿದರು ಬರಲಿಲ್ಲಂತ ಸಂಘದವರು ರಾಯಚೂರಾಗ ರೆಕಾರ್ಡಿಂಗ್ ಮಾಡಿಸಿಕೊಂಡು ಬಂದೀವಿ. ಇದು ರೆಕಾರ್ಡಿಂಗ್."

ಸ್ವಲ್ಪ ಹೊತ್ತು ಗುಜುಗುಜು ಇತ್ತು, ಆಮೇಲೆ ಅಡಗಿತು. ಗಂಡಸರು ಮೈಕಿನಲ್ಲಿ ಹೇಳಿದ ಮೇಲೆ ಇನ್ನೇನು? ಕಲಾವಿದೆ ಬಾರದ ಸುದ್ದಿ ಬಂದಿದ್ದೇ ಆ ಮಧ್ಯಾಹ್ನ. ಅಷ್ಟರೊಳಗೆ ರಾಯಚೂರಿಗೆ ಹೋಗಿ ರೆಕಾರ್ಡಿಂಗ್ ಮಾಡಿಸಿ ಬರುವುದು ಹೇಗೆ ಎಂದು ಒಬ್ಬರೂ ಕೇಳಲಿಲ್ಲ. ಮೈಕಿನ ಸಾಬರು ಪಕ್ಕದಿಂದ ಇಣುಕಿ ನನ್ನನ್ನು ನೋಡಿ, ತಲೆ ತಗ್ಗಿಸಿ ಹೋದರು. ರೆಕಾರ್ಡಿಂಗ್ ಎಂದು ಇನ್ನಾರಾದರೂ ಹೇಳಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. "ಮೀರಸ್ತಿ ಬಿಡು" ಎಂದ ಬಾಯಿಯೇ ಹೇಳಿತ್ತು. ನಾನು ಕುರ್ಚಿಯಲ್ಲಿ ಕೂತೆ.

ಆಟ ಮುಂದುವರಿಯಿತು. ನಾಯಕ ಹೆಂಡತಿಯ ಮೇಲೆ ಅನುಮಾನಪಟ್ಟು ಗದರಿಸುವ ದೃಶ್ಯ. "ಈ ಮನೆಯಲ್ಲಿ ನಿನ್ನ ಸ್ಥಾನವೇನು, ಹೇಳು!" ಎಂದು ಅವನು ಕೂಗಬೇಕು. "ನಾನು ನಿಮ್ಮ ಪಾದದ ಧೂಳು ಸ್ವಾಮಿ, ಆ ಧೂಳಿಗಾದರೂ ಇಲ್ಲಿ ಜಾಗ ಕೊಡಿ" ಎಂದು ನಾಯಕಿ ಅಳಬೇಕು. ಅವನು ಕೂಗಿದ. ನಾನು ಬಾಯಿ ತೆರೆಯಲಿಲ್ಲ. ಕಿರಾಣಿ ಅಂಗಡಿಯವನು ಸುಮ್ಮನೆ ಬಾಯಿ ಆಡಿಸಿದ. ಮಾಸ್ತರರು ಪೇಟಿಯ ಮೇಲೆ ಒಂದು ಸ್ವರ ಹಿಡಿದು ಎಳೆದರು. "ರೆಕಾರ್ಡಿಂಗ್ ಸಿಗಬಿದ್ದದ ಲೇ!" ಎಂದು ಗಂಡಸರ ಕಡೆ ಯಾರೋ ಕೂಗಿ ನಗೆಯೆದ್ದಿತು. ನಾಯಕ ಇನ್ನೊಮ್ಮೆ, ಇನ್ನೂ ಜೋರಾಗಿ ಕೇಳಿದ. "ನಿನ್ನ ಸ್ಥಾನವೇನು, ಹೇಳು!"

ಹೇಳಿದೆ. ಪುಸ್ತಕದ ಮಾತಲ್ಲ. ನಾಟಕದ ಭಾಷೆ ಅಷ್ಟು ದಿನ ಬಾಯಲ್ಲಿ ಕೂತಿತ್ತಲ್ಲ, ನನ್ನ ಸಿಟ್ಟೂ ಅದೇ ಭಾಷೆಯಲ್ಲಿ ಬಂತು.

"ನನ್ನ ಸ್ಥಾನ ಕೇಳುತ್ತೀರಾ? ನನ್ನ ಸೀರೆ ನಿಮ್ಮೆಲ್ಲರ ಎದುರು ನಿಂತಿದೆ, ನಾನು ಪರದೆಯ ಹಿಂದೆ ನಿಂತಿದ್ದೇನೆ. ನಿಮಗೆ ನನ್ನ ದುಡಿಮೆ ಬೇಕು, ನನ್ನ ದನಿ ಬೇಕು, ನಾನು ಬೇಡ. ನಾನು ಇಲ್ಲೇ ಇದ್ದೇನೆ. ಒಬ್ಬರಾದರೂ ಈ ಪರದೆ ಸರಿಸಿ ನೋಡಿ!"

ಆಮೇಲೆ ಚಪ್ಪಾಳೆ. ಅಂಥ ಚಪ್ಪಾಳೆಯನ್ನು ನಾನು ಆ ಊರಲ್ಲಿ ಹಿಂದೆ ಕೇಳಿರಲಿಲ್ಲ. ಶಿಳ್ಳೆ, "ಒನ್ಸ್ ಮೋರ್", ಎದ್ದು ನಿಂತವರ ಕೂಗು. ಎಂಥ ಡೈಲಾಗು ಎಂದುಕೊಂಡಿದ್ದರು! ನಮ್ಮ ನಾಯಕನೇನು ಕಡಿಮೆಯೇ? ತಡವರಿಸದೆ ಮೀಸೆ ತಿರುವಿ, "ಮುಚ್ಚು ಬಾಯಿ! ಪರದೆಯ ಹಿಂದಿರುವುದೇ ಹೆಣ್ಣಿಗೆ ಭೂಷಣ!" ಎಂದುಬಿಟ್ಟ. ಅದಕ್ಕೆ ಇನ್ನೂ ದೊಡ್ಡ ಚಪ್ಪಾಳೆ ಬಿತ್ತು. ಕಿರಾಣಿ ಅಂಗಡಿಯವನು ನನ್ನ ಸೆರಗಿನಿಂದ ಕಣ್ಣೊರೆಸಿಕೊಂಡ. ಆಟ ನಿಲ್ಲಿಸಿ ಆಯಾರ ಮಾಡಿದರು. ಪಾತ್ರ ಮೆಚ್ಚಿದವರು ಸ್ಟೇಜಿಗೆ ಬಂದು ಕೊಡುವ ಉಡುಗೊರೆಗೆ ನಮ್ಮ ಕಡೆ ಆಯಾರ ಎನ್ನುತ್ತಾರೆ. "ನಾಯಕಿಯ ಮಾತಿಗೆ ಮೆಚ್ಚಿ" ಎಂದು ಮೈಕಿನಲ್ಲಿ ಸಾರಿ ಕಿರಾಣಿ ಅಂಗಡಿಯವನಿಗೆ ಶಾಲು ಹೊದಿಸಿ, ಬೆಳ್ಳಿ ಉಂಗುರ ತೊಡಿಸಿದರು. ಪರದೆ ಸರಿಸಿ ನೋಡಲು ಯಾರೂ ಬರಲಿಲ್ಲ. ನಾನೂ ಸರಿಸಲಿಲ್ಲ. ಉಳಿದ ಮಾತುಗಳನ್ನೆಲ್ಲ ಪುಸ್ತಕದಲ್ಲಿದ್ದಂತೆ ಹೇಳಿ ಮುಗಿಸಿ, ಕೊನೆಯ ದೃಶ್ಯದಲ್ಲಿ ಗಂಡನ ಕಾಲು ಹಿಡಿದು ಸತ್ತೆ.

ಮರುದಿನ ಬೆಳಿಗ್ಗೆ ಗಂಡನ ಮುಂದೆ ಚಹಾ ಕುಕ್ಕಿ ಮುಖ ತಿರುಗಿಸಿದೆ. ಗಂಡ ಚಹಾ ಕುಡಿಯುತ್ತ, "ಜನ ಗದ್ದಲ ಎಬ್ಬಸಿದ್ರು, ಏನರೆ ಹೇಳಬೇಕಿತ್ತಲ್ಲ, ಹೇಳೀನಿ. ಅಷ್ಟಕ್ಕ ಮಾರಿ ಉಬ್ಬಸಿಕೊಂಡು ಕುಂತ್ರ ಹೆಂಗ?" ಎಂದ. ಆಮೇಲೆ, "ಆ ಪರದಿ ಮಾತು ಯಾವ ಪುಸ್ತಕದಾಗ ಅದ? ಭಾರಿ ಹೊಡೀತು" ಎಂದು ಕೇಳಿದ. ತಮಾಷೆ ಮಾಡುತ್ತಿದ್ದಾನೋ ಎಂದು ಅವನ ಮುಖ ನೋಡಿದೆ. ತಮಾಷೆಯಲ್ಲ. ನಿಜವಾಗಿಯೂ ಕೇಳುತ್ತಿದ್ದ. ನನ್ನ ಜೊತೆ ಅಷ್ಟು ವರ್ಷ ಬಾಳಿದವನಿಗೆ ಆ ಮಾತು ಎಲ್ಲಿಂದ ಬಂತು ಎಂಬುದು ಹೊಳೆದಿರಲಿಲ್ಲ. ಮಧ್ಯಾಹ್ನ ಮಾಸ್ತರರು ಊರಿಗೆ ಹೊರಡುವ ಮುಂಚೆ ಬಂದು, "ಯವ್ವಾ, ಅದನ್ನ ಬರದು ಕೊಡು, ನಾಟಕದಾಗ ಸೇರಸೂನು" ಎಂದರು. ಬರೆದು ಕೊಟ್ಟೆ.

ಅವತ್ತಿನಿಂದ ಒಂದು ಸಂಗತಿ ನನಗೆ ಅರ್ಥವಾಗಿದೆ. ಬೇಡ ಎಂದು ಬಾಯಿ ಮುಚ್ಚಿಸುವವರ ಎದುರು ಜಗಳವಾದರೂ ಆಡಬಹುದು. ಬಾ, ಪಾಲ್ಗೋ, ನಿನ್ನ ಮಾತೂ ಇರಲಿ ಎಂದು ಕರೆದು, ಅದಕ್ಕೆ ಚಪ್ಪಾಳೆ ತಟ್ಟಿ, ತಮ್ಮ ಆಟಕ್ಕೆ ಸೇರಿಸಿಕೊಳ್ಳುವವರ ಎದುರು ಏನು ಮಾಡಬೇಕು? ನನ್ನ ಸಿಟ್ಟನ್ನು ಆ ಊರು ಹಾಗೆಯೇ ನುಂಗಿ ನೀರು ಕುಡಿಯಿತು.

ಮರುವರ್ಷವೂ ಅದೇ ನಾಟಕ ಬೇಕೆಂದು ಜನ ಕೇಳಿದರು. ಮಾಸ್ತರರ ಕಣ್ಣು ಸರಿಯಾಗಿತ್ತು, ತಾಲೀಮಿಗೆ ನಾನು ಬೇಕಾಗಲಿಲ್ಲ. ಇಳಕಲ್ಲಿನ ಕಲಾವಿದೆ ಬಂದಳು. ಹೊಸದಾಗಿ ಸೇರಿಸಿದ ಮಾತನ್ನು ಮಾಸ್ತರರು ಆಕೆಯ ಮೊಬೈಲಿಗೆ ಮೊದಲೇ ಕಳಿಸಿದ್ದರು. ಮೇವಿನ ಕೋಣೆಯಲ್ಲಿ ಆಕೆಗೆ ಸೀರೆ ಉಡಿಸಲು ನಾನು ಹೋದೆ, ಚಹಾವನ್ನು ಸ್ಟೀಲಿನ ಲೋಟದಲ್ಲಿ ತೆಗೆದುಕೊಂಡು ಹೋದೆ. ಅತ್ತೆ ನೋಡಿಯೂ ನೋಡದಂತಿದ್ದರು.

"ಅಕ್ಕಾ, ಈ ಪರದಿ ಮಾತು ಯಾರು ಬರದದ್ರಿ?" ಎಂದು ಆಕೆ ಕೇಳಿದಳು. ನನಗಿಂತ ದೊಡ್ಡವಳಾದರೂ ಮನೆಯ ಸೊಸೆಯೆಂದು ನನ್ನನ್ನು ಅಕ್ಕ ಎನ್ನುತ್ತಿದ್ದಳು.

"ನಾನು" ಎಂದೆ. ಆ ಊರಿನಲ್ಲಿ ಹಾಗೆ ಹೇಳಿದ್ದು ಅದೇ ಮೊದಲು.

ಆಕೆ ನನ್ನನ್ನು ದಿಟ್ಟಿಸಿ ನೋಡಿದಳು. ಚಾದರದ ಆಚೆ ಯಾರೋ ಗಂಡಸು ಬೇಕಂತಲೇ ಕೆಮ್ಮಿದ. ಆಕೆ ಅತ್ತ ಕಣ್ಣು ಹಾಯಿಸಿ, "ಮಾತು ಚಲೋ ಅದ್ರಿ. ಆದ್ರ ನನ್ನ ಬಾಯಾಗ ಸುಳ್ಳಾಗತದ. ನನಗ ಪರದಿ ಎಲ್ಲಿ ಅದ ಅಕ್ಕಾ? ಒಂದು ನೆಟ್ಟಗಿನ ಪರದಿ ಸಿಕ್ಕಿದ್ರ ಸಾಕಾಗೇದ ನನಗ. ಅದನ್ನ ನೀವು ಹೇಳಬೇಕು" ಎಂದಳು.

ಚಾದರದ ತುದಿಯನ್ನು ಕೋಣೆಯ ಗೂಟಕ್ಕೆ ಇನ್ನಷ್ಟು ಬಿಗಿಯಾಗಿ ಕಟ್ಟಿ ಹೊರಗೆ ಬಂದೆ. ಚಾಪೆ ತೆಗೆದುಕೊಂಡು ಹೋಗಿ ಎದುರು ಮನೆಯ ಅಜ್ಜಿಯ ಪಕ್ಕದಲ್ಲಿ ಕೂತೆ.

ಆ ದೃಶ್ಯ ಬಂತು. ನಾಯಕ ಗದರಿಸಿದ. ಕಲಾವಿದೆ ಸ್ಟೇಜಿನ ನಟ್ಟನಡುವೆ, ಅಷ್ಟೂ ಲೈಟು ಮೈಮೇಲೆ ಬಿದ್ದಿರುವಾಗ, ನಾನು ಪರದೆಯ ಹಿಂದೆ ನಿಂತಿದ್ದೇನೆ ಎಂದಳು. ಕಣ್ಣಲ್ಲಿ ನೀರು ತಂದುಕೊಂಡಳು, ಒಂದು ಅಕ್ಷರವೂ ತಪ್ಪಲಿಲ್ಲ. ಊರು ಕಾದುಕೊಂಡೇ ಕೂತಿತ್ತು, ಚಪ್ಪಾಳೆ ತಟ್ಟಿತು. ಹೆಂಗಸರೂ ತಟ್ಟಿದರು. ಸ್ಟೇಜಿನ ಪಕ್ಕದಲ್ಲಿ ನನ್ನ ಗಂಡ, ಮಾವ, ಮಾಸ್ತರರು ಒಬ್ಬರಿಗೊಬ್ಬರು ತಲೆಯಾಡಿಸುತ್ತಿದ್ದರು.

ಅಜ್ಜಿ ಮಾತ್ರ ತಟ್ಟಲಿಲ್ಲ. ಎಲೆ ಮಡಚುತ್ತಿದ್ದವಳು ನನ್ನ ಕಡೆ ಬಾಗಿ, ಮೆಲ್ಲಗೆ, ನನಗೆ ಸಮಾಧಾನ ಹೇಳುವವಳಂತೆ ಅಂದಳು.

"ಹೋದ ವರ್ಸ ಆ ರೆಕಾರ್ಡಿಂಗ್‌ನ್ಯಾಗ ಭಾಳ ಚಲೋ ಬಂದಿತ್ತವ್ವಾ."